ಅಪ್‌ಡೇಟ್: ‘ಒಗರು’ಗೆ ಇಂಗ್ಲಿಷ್ ಪದ ಸಿಕ್ಕಿತು

ಕೇಳಿದ್ದು ಇಷ್ಟು: ಗೇರುಹಣ್ಣಿನ ಜ್ಯೂಸ್ ಬಾಟಲಿಯ ಲೇಬಲ್ ಮೇಲೆ ‘ಸ್ವಲ್ಪ ಒಗರು’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಗೆ ಬರೆಯಬೇಕು? ಉತ್ತರಿಸಿದ ಎಲ್ಲರಿಗೂ ಧನ್ಯವಾದ. ‘ಅಸ್ಟ್ರಿಂಜೆಂಟ್’ ಅಂತಲೇ ಇಟ್ಟಾಯಿತು.

ಹೆಚ್ಚಿನವರು ಹೇಳಿದ ‘ಬಿಟರ್’ ತಪ್ಪು. ಅದು ಕಹಿ, ಹಾಗಲಕಾಯಿಯದು. ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಟ್ಯಾನಿನ್‌ಗಳು, ಅಂದರೆ ಒಗರು ಕೊಡುವ ಸಸ್ಯಜನ್ಯ ವಸ್ತುಗಳು, ಜೊಲ್ಲಿನ ಪ್ರೋಟೀನ್‌ಗೆ ಅಂಟಿಕೊಂಡು ಅದರ ಜಾರುತನ ತೆಗೆದುಬಿಡುತ್ತವೆ, ನಾಲಿಗೆ ಒಣಗಿ ದೊರಗಾಗುತ್ತದೆ. ಹಸಿ ಬಾಳೆಕಾಯಿಯ ಚೂರು ಅಗಿದು ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ ನೋಡಿ, ತಕ್ಷಣ ಗೊತ್ತಾಗುತ್ತೆ. ‘ಟಾರ್ಟ್’ ಹುಳಿಯ ಕಡೆ ಹೋಗುತ್ತದೆ. ‘ಟ್ಯಾನಿಕ್’ ವೈನ್‌ಗೆ, ಚಹಾಕ್ಕೆ ಚೆಂದ. ‘ಪಕ್ಕರಿ’ (puckery) ಅರ್ಥಕ್ಕೆ ಬಹಳ ಹತ್ತಿರ, ಆದರೆ ಆಡುಮಾತು, ಲೇಬಲ್‌ಗೆ ಹಗುರಾಯಿತು.

‘ಆಕ್ರಿಡ್’ ಬೇಡವೇ ಬೇಡ. ಕೆಸುವಿನ ಗೆಡ್ಡೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಸಣ್ಣ ಹರಳುಗಳಿಂದ, ಆ ಪದ ಅದಕ್ಕೆ.

ಒಂದು ಎಚ್ಚರಿಕೆ: ಮುಖಕ್ಕೆ ಹಚ್ಚುವ ದ್ರವಕ್ಕೂ ‘ಅಸ್ಟ್ರಿಂಜೆಂಟ್’ ಅಂತಾರೆ. ಒಂಟಿಯಾಗಿ ಬಿಡಬೇಡಿ, ‘ಮೈಲ್ಡ್‌ಲಿ ಅಸ್ಟ್ರಿಂಜೆಂಟ್ ಟೇಸ್ಟ್’ ಎಂದು ಪೂರ್ತಿ ಬರೆಯಿರಿ.