ಪೆಡಲ್ ಸ್ಟೀಲ್ ಗಿಟಾರಿಗೆ ಯಾವ ಆಂಪ್, ಹೇಗೆ ಸೆಟ್ ಮಾಡೋದು?

ಕೇಳಿದ್ದು: ಹತ್ತು ತಂತಿಯ ಪೆಡಲ್ ಸ್ಟೀಲ್ (ಮಲಗಿಸಿಟ್ಟು ತಂತಿಯ ಮೇಲೆ ಉಕ್ಕಿನ ಬಾರ್ ಜಾರಿಸುತ್ತಾ, ಪೆಡಲ್ ಒತ್ತಿ ತಂತಿಯ ಶ್ರುತಿ ಬದಲಿಸುತ್ತಾ ನುಡಿಸುವ ಗಿಟಾರ್), ಇ9 ಶ್ರುತಿ. ಸದ್ಯ ಇರೋದು 20 ವ್ಯಾಟ್‌ನ ಟ್ಯೂಬ್ ಗಿಟಾರ್ ಆಂಪ್, 10 ಇಂಚಿನ ಸ್ಪೀಕರ್. 3 ಮತ್ತು 4ನೇ ತಂತಿ ಕಿವಿಗೆ ಚುಚ್ಚುತ್ತೆ. ಮೂರು ತಂತಿ ಒಟ್ಟಿಗೆ ಮೀಟಿ ವಾಲ್ಯೂಮ್ ಪೆಡಲ್ ಒತ್ತಿದರೆ ಸದ್ದು ಒಡೆಯುತ್ತೆ. ಬ್ಯಾಂಡ್ ಜೊತೆ ನುಡಿಸಬೇಕು. ಹೊಸ ಆಂಪ್ ತಗೊಳ್ಳಲೇಬೇಕಾ, ಸೆಟ್ಟಿಂಗ್‌ನಲ್ಲೇ ಸರಿಹೋಗುತ್ತಾ?

ಉತ್ತರ: ನಿಮ್ಮ ಎರಡು ದೂರಿಗೂ ಕಾರಣ ಬೇರೆ ಬೇರೆ. ಚುಚ್ಚೋದು ಬಹುಪಾಲು ಸೆಟ್ಟಿಂಗ್‌ನಲ್ಲೇ ಹೋಗುತ್ತೆ. ಒಡೆಯೋದು ಹೋಗಲ್ಲ, ಅದು ಶಕ್ತಿ ಸಾಲದೆ ಆಗೋದು.

ಸ್ಟೀಲಿನ ಪಿಕಪ್‌ನಲ್ಲಿ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ತಾಮ್ರದ ತಂತಿಯ ಸುತ್ತು ಜಾಸ್ತಿ. ಮೀಟರ್ ಇಟ್ಟರೆ 17–18 ಕಿಲೋಓಮ್ ತೋರಿಸೋದು ಸಾಮಾನ್ಯ; ಮಾಮೂಲಿ ಗಿಟಾರಿನ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) 6–8 ಇರುತ್ತೆ. ಹಾಗಾಗಿ ಆಂಪ್‌ನ ಮೊದಲ ಹಂತಕ್ಕೇ ದೊಡ್ಡ ಸಿಗ್ನಲ್ ಬಂದುಬಿಡುತ್ತೆ. ಅದರ ಮೇಲೆ ವಾಲ್ಯೂಮ್ ಪೆಡಲ್ ಬೇರೆ. ಪೆಡಲ್ ಅರ್ಧದಲ್ಲಿಟ್ಟು ಮೀಟಿ, ನಾದ ಇಳಿದಂತೆಲ್ಲ ಒತ್ತುತ್ತಾ ಹೋದರೇ ಕಾರ್ವೆ ಉದ್ದಕ್ಕೆ ನಿಲ್ಲೋದು. ಮಿಕ್ಕ ಆ ಅರ್ಧವನ್ನೂ ಆಂಪ್ ಸದ್ದು ಒಡೆಯದೆ ಕೊಡಬೇಕು. ಒಂಟಿ ಸ್ವರ ಸ್ವಲ್ಪ ಒಡೆದರೂ ಸಹಿಸಬಹುದು. ಮೂರು ಸ್ವರ ಒಟ್ಟಿಗಿದ್ದು ಒಡೆದರೆ ಅವುಗಳ ಆವರ್ತನದ ಮೊತ್ತ, ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಶ್ರುತಿ ಬದಲಿಸುವ ಪೆಡಲ್ ಒಂದು ತಂತಿಯನ್ನು ಎಳೆಯುವಾಗ ಇವೂ ತಮ್ಮಷ್ಟಕ್ಕೆ ಜಾರುತ್ತವೆ. ನಿಮಗೆ ಕೇಳಿಸ್ತಿರೋ ಗೊಗ್ಗರು ಅದೇ.

20ರಿಂದ 40 ವ್ಯಾಟ್‌ಗೆ ಹೋದರೆ ಸಿಗೋದು ಬರೀ 3 ಡೆಸಿಬೆಲ್, ಅದಕ್ಕೆ ದುಡ್ಡು ಹಾಕಬೇಡಿ. ಡ್ರಮ್ಸ್ ಪಕ್ಕ ಕೂರೋದಾದರೆ ಟ್ಯೂಬ್‌ನಲ್ಲಿ 80ರ ಆಸುಪಾಸು (ಫೆಂಡರ್ ಟ್ವಿನ್ ರಿವರ್ಬ್ 85), ಸಾಲಿಡ್ ಸ್ಟೇಟ್‌ನಲ್ಲಿ (ಟ್ಯೂಬ್ ಬದಲು ಟ್ರಾನ್ಸಿಸ್ಟರ್ ಇರೋದು) 150–200 ಇದ್ದರೆ ನಿಶ್ಚಿಂತೆ. ಕೊಳ್ಳುವಾಗ ಪರೀಕ್ಷೆ ಹೀಗೆ ಮಾಡಿ: ವಾಲ್ಯೂಮ್ ಪೆಡಲ್ ಅರ್ಧಕ್ಕಿಟ್ಟು ಬ್ಯಾಂಡಿಗೆ ಬೇಕಾದಷ್ಟು ಸದ್ದು ಬರುವಂತೆ ಆಂಪ್ ಹೊಂದಿಸಿ, 4, 5, 6ನೇ ತಂತಿ ಜೋರಾಗಿ ಮೀಟಿ, ಪೆಡಲ್ ಪೂರ್ತಿ ಒತ್ತಿ. ಆಗಲೂ ಮೂರು ಸ್ವರ ಬಿಡಿಬಿಡಿಯಾಗಿ ಕೇಳಬೇಕು.

ಉತ್ತರ: ವ್ಯಾಟ್ ಒಂದನ್ನೇ ನೋಡಿ ಕೊಳ್ಳಬೇಡಿ ಅಂತ ಸೇರಿಸುತ್ತೇನೆ. 97 ಡೆಸಿಬೆಲ್ ಸೂಕ್ಷ್ಮತೆಯ ಸ್ಪೀಕರ್ ತೆಗೆದು 100ರದ್ದು ಹಾಕಿದರೆ ಆಂಪ್‌ನ ಶಕ್ತಿ ದುಪ್ಪಟ್ಟಾದ ಹಾಗೆಯೇ. ಇನ್ನು ಬಹಳಷ್ಟು ಗಿಟಾರ್ ಸ್ಪೀಕರ್‌ಗಳನ್ನು ಸದ್ದು ಬೇಗ ಒಡೆಯಲಿ ಎಂದೇ ಮಾಡಿರುತ್ತಾರೆ, ಅವು ಸ್ಟೀಲಿಗೆ ಒಗ್ಗುವುದಿಲ್ಲ. 150 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ತಾಳುವಂಥದ್ದನ್ನು ಹುಡುಕಿ.

ಅಳತೆಯ ವಿಚಾರ: ಇ9ರ 10ನೇ ತಂತಿ ಸುಮಾರು 123 ಹರ್ಟ್ಸ್. ಅದಕ್ಕೆ ಒಳ್ಳೆಯ 12 ಇಂಚು ಧಾರಾಳ. ಮುಂದೆ ಸಿ6 ಶ್ರುತಿಗೂ ಹೋಗುವ ಆಸೆಯಿದ್ದರೆ ಅಲ್ಲಿ ಕೆಳಗಿನ ತಂತಿ 65 ಹರ್ಟ್ಸ್‌ಗೆ ಇಳಿಯುತ್ತದೆ, 15 ಇಂಚು ಬೇಕೆನಿಸುತ್ತದೆ. ಪೀವಿ ಕಂಪನಿಯ ಸ್ಟೀಲ್ ಆಂಪ್‌ಗಳಾದ ಸೆಷನ್ 400, ನ್ಯಾಶ್‌ವಿಲ್ 400 ಎರಡರಲ್ಲೂ 15 ಇಂಚು. ನ್ಯಾಶ್‌ವಿಲ್ 112ರಲ್ಲಿ 12. ಹೊತ್ತು ತಿರುಗುವವರು ನಿಯೋಡಿಮಿಯಮ್ ಮ್ಯಾಗ್ನೆಟ್‌ನದ್ದು ನೋಡಿ, ತೂಕ ಗಣನೀಯವಾಗಿ ಇಳಿಯುತ್ತದೆ.

ಸ್ಪೀಕರ್ ಬದಲಿಸುವಾಗ ಓಮ್ ತಪ್ಪಬಾರದು. ಟ್ವಿನ್‌ನಲ್ಲಿ 8 ಓಮ್‌ನ ಎರಡು ಸ್ಪೀಕರ್ ಸಮಾಂತರವಾಗಿ 4 ಓಮ್ ಆಗಿರುತ್ತವೆ. ಅವುಗಳ ಜಾಗಕ್ಕೆ 15 ಇಂಚಿನದ್ದು ಒಂದನ್ನೇ ಹಾಕುವುದಾದರೆ ಅದು 4 ಓಮ್‌ನದ್ದೇ ಆಗಬೇಕು.

ಉತ್ತರ: ಈಗ ಚುಚ್ಚುವ ವಿಷಯ. ಎಲ್ಲರೂ ಮೊದಲು ಟ್ರೆಬಲ್ ಇಳಿಸುತ್ತಾರೆ. ಇಳಿಸಿದರೆ ಸದ್ದು ಮಂಕಾಗುತ್ತೆ, ಚುಚ್ಚುವುದು ಹಾಗೇ ಉಳಿಯುತ್ತೆ. ಯಾಕೆಂದರೆ ಸ್ಟೀಲಿನಲ್ಲಿ ಮೂಗಿನಿಂದ ಹಾಡಿದಂಥ ಆ ಗಡುಸು ಹೆಚ್ಚಾಗಿ ಇರೋದು ಮಿಡ್‌ನಲ್ಲಿ, 500ರಿಂದ 1000 ಹರ್ಟ್ಸ್ ನಡುವೆ. ನ್ಯಾಶ್‌ವಿಲ್ ಸರಣಿಯ ಆಂಪ್‌ಗಳಲ್ಲಿ ಮಿಡ್ ಜೊತೆ ಶಿಫ್ಟ್ ಅನ್ನೋ ನಾಬ್ (ಮಿಡ್ ಯಾವ ಆವರ್ತನದಲ್ಲಿ ಕೆಲಸ ಮಾಡಬೇಕೆಂದು ಆರಿಸೋದು) ಇಟ್ಟಿರೋದೇ ಇದಕ್ಕೆ. ಮಿಡ್ ಅನ್ನು ಪೂರ್ತಿ ಏರಿಸಿ, 12ನೇ ಫ್ರೆಟ್ ಗೆರೆಯ ಮೇಲೆ ಬಾರ್ ಇಟ್ಟು 3, 4, 5 ಮೀಟುತ್ತಾ ಶಿಫ್ಟ್ ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಸದ್ದು ಅಸಹ್ಯವಾಗುತ್ತೆ, ಸಾಮಾನ್ಯವಾಗಿ 800ರ ಹತ್ತಿರ. ಅಲ್ಲೇ ಬಿಟ್ಟು, ಮಿಡ್ ಅನ್ನು ಸೊನ್ನೆಗಿಂತ ಕೆಳಗೆ ತನ್ನಿ. ಗಡುಸು ಹೋದ ಕೂಡಲೇ ನಿಲ್ಲಿಸಿ. ಇನ್ನೂ ಇಳಿಸಿದರೆ ಒಂಟಿಯಾಗಿ ನುಡಿಸುವಾಗ ಬಲು ಇಂಪು, ಬ್ಯಾಂಡ್ ಶುರುವಾದ ಮೇಲೆ ನೀವು ಇದ್ದೀರೋ ಇಲ್ಲವೋ ಗೊತ್ತಾಗಲ್ಲ.

ಈ ಸಂಖ್ಯೆಗಳನ್ನು ಫೆಂಡರ್‌ಗೆ ಹಾಗೇ ಒಯ್ಯಬೇಡಿ. ಅಲ್ಲಿ ನಾಬ್‌ಗಳೆಲ್ಲ 5ರಲ್ಲಿದ್ದರೂ ಮಿಡ್ ಆಗಲೇ ತಗ್ಗಿರುತ್ತೆ. ಬ್ರೈಟ್ ಸ್ವಿಚ್ (ಟ್ರೆಬಲ್ ಹೆಚ್ಚಿಸೋದು) ಆಫ್, ಟ್ರೆಬಲ್ 5, ಮಿಡ್ 5–6, ಬಾಸ್ 4ರಿಂದ ಶುರು ಮಾಡಿ. ನಿಮ್ಮ ಈಗಿನ ಆಂಪ್‌ನಲ್ಲೂ ಬ್ರೈಟ್ ಸ್ವಿಚ್ ಇದ್ದರೆ ಇವತ್ತೇ ಆಫ್ ಮಾಡಿ ನೋಡಿ.

ಇನ್ನೊಂದು, ಮನೆಯ ಸಣ್ಣ ಸದ್ದಿನಲ್ಲಿ ಮಾಡಿದ ಸೆಟ್ಟಿಂಗ್ ವೇದಿಕೆಯಲ್ಲಿ ನಿಲ್ಲೋದಿಲ್ಲ. ಸದ್ದು ಕಡಿಮೆ ಇದ್ದಾಗ ಕಿವಿ ಬಾಸ್ ಮತ್ತು ತೀರಾ ಮೇಲಿನ ಟ್ರೆಬಲ್ ಸರಿಯಾಗಿ ಹಿಡಿಯಲ್ಲ, ಎರಡನ್ನೂ ಏರಿಸಿಟ್ಟಿರುತ್ತೀರಿ. ಜೋರು ಮಾಡಿದಾಗ ಎರಡೂ ಮೈಮೇಲೆ ಬೀಳುತ್ತವೆ.

ಉತ್ತರ: ಮೇಲಿನ ಎಲ್ಲದಕ್ಕೂ ಮೊದಲು ಪಿಕಪ್‌ನಿಂದ ಆಂಪ್‌ವರೆಗಿನ ದಾರಿ ನೋಡಿಕೊಳ್ಳಿ. ವಾಲ್ಯೂಮ್ ಪೆಡಲ್ ಅರ್ಧದಲ್ಲಿದ್ದಾಗ ಮಂಕು, ಪೂರ್ತಿ ಒತ್ತಿದಾಗ ತೀಕ್ಷ್ಣ ಆಗುತ್ತಿದ್ದರೆ ಆಂಪ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಪೆಡಲ್‌ನೊಳಗಿನ 500 ಕಿಲೋಓಮ್ ಪಾಟ್ (ಸದ್ದನ್ನು ಏರಿಳಿಸುವ, ತಿರುಗುವ ರೋಧಕ) ನಡುವಿನಲ್ಲಿರುವಾಗ, ಪೆಡಲ್‌ನಿಂದ ಆಂಪ್‌ಗೆ ಹೋಗುವ ಕೇಬಲ್‌ನ ಧಾರಕತೆ (ಮೀಟರಿಗೆ ಅಂದಾಜು 100 ಪಿಕೋಫ್ಯಾರಡ್) ಟ್ರೆಬಲ್ ಅನ್ನು ನುಂಗುತ್ತದೆ. ಪಿಕಪ್ ಮತ್ತು ಪೆಡಲ್ ನಡುವೆ ಒಂದು ಬಫರ್ (ಪಿಕಪ್ ಮೇಲೆ ಮುಂದಿನ ಭಾರ ಬೀಳದಂತೆ ತಡೆಯುವ ಸಣ್ಣ ಸರ್ಕ್ಯೂಟ್) ಹಾಕಿ, ಪೆಡಲ್‌ನಿಂದ ಆಂಪ್‌ಗೆ ಚಿಕ್ಕ ಕೇಬಲ್ ಬಳಸಿ. ಒಳಗೇ ಬಫರ್ ಇರುವ ಪೆಡಲ್ ಆದರೆ ಇನ್ನೂ ಸಲೀಸು. ಪೆಡಲ್ ಆಡಿಸುವಾಗ ಬರಬರ ಎಂದರೆ ಪಾಟ್ ಸವೆದಿದೆ. ಬದಲಾಯಿಸುವಾಗ ಆಡಿಯೊ ಟೇಪರ್‌ನದ್ದೇ (ಕಿವಿಗೆ ಸದ್ದು ಸಮವಾಗಿ ಏರುವಂತೆ ರೋಧ ಬದಲಾಗುವ ಪಾಟ್) ಹಾಕಿ. ಡಿಲೇ ಪೆಡಲ್ ಇದ್ದರೆ ಅದು ವಾಲ್ಯೂಮ್ ಪೆಡಲ್ ಆದ ಮೇಲೆ ಬರಬೇಕು, ಇಲ್ಲದಿದ್ದರೆ ಕಾಲು ಎತ್ತಿದೊಡನೆ ಮಾರ್ದನಿಯೂ ಕತ್ತರಿಸಿಹೋಗುತ್ತದೆ.

ಉತ್ತರ: ಆಂಪ್ ಇಡುವ ಜಾಗದ ಬಗ್ಗೆ ಯಾರೂ ಹೇಳಿಲ್ಲ. ಟ್ರೆಬಲ್ ಸ್ಪೀಕರಿನಿಂದ ನೇರ ಗೆರೆಯಲ್ಲಿ ಹೊರಡುತ್ತೆ. ನೆಲದ ಮೇಲಿಟ್ಟರೆ ಅದು ನಿಮ್ಮ ಕಾಲಿಗೆ ಬಡಿಯುತ್ತೆ, ನೀವು ಸಾಲದೆಂದು ಏರಿಸುತ್ತೀರಿ, ಎದುರು ಕೂತವರಿಗೆ ಕರ್ಕಶ. ಹಿಂದೆ ಒಂದು ಪಕ್ಕಕ್ಕೆ ಕುರ್ಚಿಯಷ್ಟು ಎತ್ತರದಲ್ಲಿಟ್ಟು, ಕೂತಾಗ ಕಿವಿಗೆ ಬರುವಂತೆ ಹಿಂದಕ್ಕೆ ವಾಲಿಸಿ. ಗುಂಯ್ ಅನ್ನುತ್ತಿದ್ದರೆ ಆಂಪ್‌ನ ಟ್ರಾನ್ಸ್‌ಫಾರ್ಮರ್ ಇರುವ ತುದಿಯನ್ನು ಪಿಕಪ್‌ನಿಂದ ದೂರ ಸರಿಸಿ. ಸ್ಟೀಲನ್ನು ಸ್ವಲ್ಪ ತಿರುಗಿಸಿದರೂ ಸಿಂಗಲ್ ಕಾಯಿಲ್‌ನ ಗುಂಯ್ ಎಷ್ಟೋ ತಗ್ಗುತ್ತೆ. ಪೂರ್ತಿ ಹೋಗಬೇಕೆಂದರೆ ಹಂಬಕರ್ (ಎರಡು ಸುರುಳಿಯ) ಪಿಕಪ್ ಹಾಕಬೇಕು. ಗುಂಯ್ ತಡೆಯಲೆಂದು ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಶಾಕ್ ಹೊಡೆದೀತು: ಒಂದು ಕೈಯಲ್ಲಿ ಉಕ್ಕಿನ ಬಾರ್, ಇನ್ನೊಂದರಲ್ಲಿ ತಂತಿ, ಎದುರಿಗೆ ಮೈಕ್ ಇರುವ ವಾದ್ಯ ಇದು.