ಶವದ ಮೇಲಿನ ಹುಳು ನೋಡಿ ಸತ್ತು ಎಷ್ಟು ದಿನವಾಯ್ತು ಅಂತ ಹೇಳೋದು ಹೇಗೆ?

ಪಿಜಿ_ವಿಧಿವಿಜ್ಞಾನ:
ಕಬ್ಬಿನ ಗದ್ದೆಯಲ್ಲಿ ಸಿಕ್ಕ ಶವ ಅಂದ್ಕೊಳ್ಳಿ. ಬಿಗಿತ ಪೂರ್ತಿ ಬಿಟ್ಟಿದೆ, ಹೊಟ್ಟೆ ಉಬ್ಬಿದೆ, ಚರ್ಮ ಸುಲಿಯುತ್ತಿದೆ. ಕಣ್ಣು, ಮೂಗು, ಬಾಯಲ್ಲಿ ಹುಳು ಮಿಜಿಗುಡ್ತಿವೆ. ದೊಡ್ಡವು 12 ಮಿ.ಮೀ. ಇವೆ. ಉದ್ದ ನೋಡಿಯೇ ದಿನ ಹೇಳಬಹುದಾ ಸರ್?

ಕೀಟಮಿತ್ರ:
ಉದ್ದವೊಂದೇ ಸಾಲದು. ಯಾವ ನೊಣದ ಮರಿ, ಯಾವ ಹಂತ ಅನ್ನೋದು ಮೊದಲು ಗೊತ್ತಾಗಬೇಕು. ಹುಳುವಿನ ಹಿಂತುದಿಯಲ್ಲಿ ಎರಡು ಕಂದು ಚುಕ್ಕೆ ಇರುತ್ತವಲ್ಲ, ಅವು ಉಸಿರಾಟದ ರಂಧ್ರಗಳು. ಮೈಕ್ರೋಸ್ಕೋಪಿನಲ್ಲಿ ಒಂದೊಂದರಲ್ಲೂ 2 ಸೀಳು ಕಂಡರೆ ಎರಡನೇ ಹಂತ, 3 ಕಂಡರೆ ಮೂರನೇದು. ತಿಂದು ಮುಗಿಸಿದ ಹುಳು ಕೋಶ ಕಟ್ಟೋ ಮುಂಚೆ ಕುಗ್ಗುತ್ತದೆ, ಹಾಗಾಗಿ ಅದೇ 12 ಮಿ.ಮೀ. ಬೆಳೆಯುವಾಗಲೂ ಸಿಗುತ್ತೆ, ಕುಗ್ಗುವಾಗಲೂ ಸಿಗುತ್ತೆ. ಮೈಯೊಳಗೆ ಕಪ್ಪಗೆ ಆಹಾರ ಕಾಣ್ತಿದ್ರೆ ಇನ್ನೂ ತಿನ್ನುತ್ತಿದೆ ಅಂತ ಅರ್ಥ.

ಜೀವಂತ ಹುಳುವನ್ನು ನೇರ ಆಲ್ಕೋಹಾಲಿಗೆ ಹಾಕಬೇಡಿ, ಸುರುಟಿ ಕಪ್ಪಾಗಿ ಅಳತೆಯೇ ಕೆಡುತ್ತದೆ. 80 ಡಿಗ್ರಿ ಮೇಲಿನ ಬಿಸಿನೀರಲ್ಲಿ 30 ಸೆಕೆಂಡ್ ಅದ್ದಿ, ಆಮೇಲೆ 70–80% ಆಲ್ಕೋಹಾಲಿಗೆ ಹಾಕಿ. ಒಂದಷ್ಟನ್ನು ಲಿವರ್ ತುಂಡಿನ ಮೇಲೆ ಬದುಕಲು ಬಿಡಿ, ಡಬ್ಬಿಯ ತಳಕ್ಕೆ ಮರದ ಹೊಟ್ಟು ಇರಲಿ. ನೊಣವಾಗಿ ಹಾರಿದ ಮೇಲೆ ಜಾತಿ ಖಚಿತವಾಗುತ್ತದೆ. ಶವದ ಸುತ್ತ ಕೆಲವು ಮೀಟರ್‌ವರೆಗೂ ಮಣ್ಣು ಕೆದಕಿ ನೋಡಿ. ಗೋಧಿಕಾಳಿನಂಥ ಕಂದು ಕೋಶ ಸಿಕ್ಕರೆ ಅವೇ ಎಲ್ಲಕ್ಕಿಂತ ಹಳೆಯವು. ಇದನ್ನು ಬಿಟ್ಟರೆ ನಿಮ್ಮ ಲೆಕ್ಕ ದಿನಗಟ್ಟಲೆ ಕಡಿಮೆ ಬರುತ್ತೆ.

ತಾಪಲೆಕ್ಕ:
ಹುಳು ಎಷ್ಟು ಬೇಗ ಬೆಳೆಯುತ್ತೆ ಅನ್ನೋದು ತಾಪದ ಮೇಲಿದೆ, ಹಾಗಾಗಿ ಲೆಕ್ಕ ಹೀಗೆ: ಸರಾಸರಿ ತಾಪ 27 ಡಿಗ್ರಿ, ಬೆಳವಣಿಗೆ ನಿಲ್ಲುವ ತಾಪ 10 ಅಂತ ಹಿಡಿದರೆ, 17 × 24 = ದಿನಕ್ಕೆ 408 ಡಿಗ್ರಿ-ಗಂಟೆ. ಆ ಜಾತಿ ಆ ಹಂತಕ್ಕೆ ಬರಲು 1,224 ಬೇಕೆಂದಿದ್ದರೆ 3 ದಿನ. ಹವಾಮಾನ ಕೇಂದ್ರದ ಅಂಕಿ ಕಬ್ಬಿನ ನೆರಳಿಗೆ ಹೊಂದಲ್ಲ. ಶವ ಎತ್ತಿದ ಜಾಗದಲ್ಲೇ 3–5 ದಿನ ತಾಪ ದಾಖಲಿಸಿ, ಕೇಂದ್ರದ ಅಂಕಿಯನ್ನು ಅದರಂತೆ ತಿದ್ದಿಕೊಳ್ಳಿ. ಹುಳು ಗುಂಪುಗಟ್ಟಿದಲ್ಲಿ ಗಾಳಿಗಿಂತ 10 ಡಿಗ್ರಿಗೂ ಹೆಚ್ಚು ಬಿಸಿ ಇರಬಹುದು, ಗುಂಪಿನ ನಡುವೆಯೂ ಥರ್ಮಾಮೀಟರ್ ಇಡಿ.

ಶವಾಗಾರ:
ಬಂದ ಉತ್ತರ ಮೊಟ್ಟೆ ಇಟ್ಟ ಹೊತ್ತಿನದು, ಸತ್ತ ಹೊತ್ತಿನದಲ್ಲ. ರಾತ್ರಿ ಅಥವಾ ಜಡಿಮಳೆಯಲ್ಲಿ ನೊಣ ಸಾಮಾನ್ಯವಾಗಿ ಮೊಟ್ಟೆ ಇಡಲ್ಲ. ಬಟ್ಟೆ, ಚೀಲ ಸುತ್ತಿದ್ದರೂ ತಡ. ಬದುಕಿದ್ದಾಗಲೇ ಗಾಯದಲ್ಲಿ ಹುಳುವಿದ್ದರೆ ಲೆಕ್ಕ ತಿರುಗುಮುರುಗು, ಮೊಟ್ಟೆ ಸಾವಿಗೂ ಮೊದಲಿನದು. ಅಂಥದ್ದಿಲ್ಲದಿದ್ದರೆ ವರದಿಯಲ್ಲಿ "ಕನಿಷ್ಠ ಇಷ್ಟು" ಅಂತಲೇ ಬರೆಯಿರಿ. ಶವವನ್ನು ಫ್ರೀಜರಿಗೆ ಸೇರಿಸಿದ ಗಂಟೆ, ಒಳಗಿನ ತಾಪ ಎರಡನ್ನೂ ಬರೆದಿಡಿ. ತಣ್ಣಗಾದರೆ ಹುಳು ನಿಧಾನವಾಗುತ್ತವೆ. ಆ ಗಂಟೆಗಳನ್ನು ಹೊರಗಿನ ತಾಪದಲ್ಲೇ ಲೆಕ್ಕ ಹಾಕಿದರೆ ದಿನ ತಪ್ಪುತ್ತದೆ.