ಮೂರು ಕಡೆಯ ಕೊಳವೆಬಾವಿ ಲೆಕ್ಕ ಒಂದಕ್ಕೊಂದು ಹೊಂದದಿದ್ದಾಗ

ಪ್ರಶ್ನೆ (ಚಿಂತಾಮಣಿಯಿಂದ):
ನಮ್ಮ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಮಳೆ, ಕೊಳವೆಬಾವಿಯ ಆಳ ಮತ್ತು ನೀರಿನ ಫ್ಲೋರೈಡ್ ನಡುವೆ ಏನಾದರೂ ಸಂಬಂಧವಿದೆಯೇ ಎಂದು ನೋಡಲು ಹೊರಟಿದ್ದೇನೆ. ಮಳೆಯ ಲೆಕ್ಕ ಹೋಬಳಿವಾರು ಸಿಕ್ಕಿದೆ, ನೀರಿನ ಪರೀಕ್ಷೆಯ ವರದಿಗಳು ಪಂಚಾಯಿತಿಯಲ್ಲಿವೆ, ಆಳದ ವಿವರ ರಿಗ್ ಲಾರಿಯವರ ರಸೀದಿಗಳಲ್ಲಿದೆ. ಮೂರನ್ನೂ ಒಂದೇ ಎಕ್ಸೆಲ್ ಹಾಳೆಗೆ ತಂದ ಮೇಲೆ ಗೊಂದಲ ಹೆಚ್ಚಾಗಿದೆ. ಇಂಥ ಕೆಲಸ ಮಾಡಿದವರು ದಾರಿ ತೋರಿಸಬೇಕು.

ಬಾಗೇಪಲ್ಲಿಯಿಂದ:
ನನ್ನ ಒಂದು ತಿಂಗಳು ಊರಿನ ಹೆಸರುಗಳಿಗೇ ಹೋಯಿತು. ಗಡಿಭಾಗದ ನಮ್ಮಲ್ಲಿ ಒಂದೇ ಊರು ಒಂದು ಕಡತದಲ್ಲಿ ‘ಪಲ್ಲಿ’ ಎಂದೂ ಇನ್ನೊಂದರಲ್ಲಿ ‘ಹಳ್ಳಿ’ ಎಂದೂ ಮುಗಿಯುತ್ತದೆ. ಕಂಪ್ಯೂಟರಿಗೆ ಅವು ಎರಡು ಊರು. ಅದಕ್ಕಿಂತ ತೊಡಕಿನದು ಮಜರೆಗಳದ್ದು, ಅಂದರೆ ಒಂದು ಕಂದಾಯ ಗ್ರಾಮಕ್ಕೆ ಸೇರಿದ ಚಿಕ್ಕ ಊರುಗಳದ್ದು: ಪಹಣಿಯಲ್ಲಿ ಕಂದಾಯ ಗ್ರಾಮದ ಹೆಸರಿದ್ದರೆ, ನೀರಿನ ಪರೀಕ್ಷೆಯ ಚೀಟಿಯಲ್ಲಿ ಜನ ವಾಸವಿರುವ ಮಜರೆಯ ಹೆಸರಿರುತ್ತದೆ. ಪರೀಕ್ಷೆಯೇ ಆಗಿಲ್ಲವಲ್ಲ ಎಂದು ನಾನು ಬೆನ್ನಟ್ಟಿದ ಒಂದು ಗ್ರಾಮ ಕೊನೆಗೆ ಬೇಚಿರಾಕ್ ಎಂದು ತಿಳಿಯಿತು. ಅಲ್ಲಿ ಮನೆಯೇ ಇಲ್ಲ, ಜಮೀನಷ್ಟೇ ಇದೆ. ಆದ್ದರಿಂದ ಹೆಸರಿನ ಮೇಲೆ ಜೋಡಿಸುವುದನ್ನು ಬಿಟ್ಟು ಜನಗಣತಿಯ ಗ್ರಾಮ ಸಂಕೇತದ ಮೇಲೆ ಜೋಡಿಸಿ. 2001ರ ಗಣತಿಯಲ್ಲಿ ನಾವೆಲ್ಲ ಕೋಲಾರ ಜಿಲ್ಲೆಯವರು. 2007ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು, 2011ರ ಸಂಕೇತಗಳೇ ಬೇರೆ. ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆಯ ಪಟ್ಟಿಯನ್ನು ಗ್ರಾಮ ಆಡಳಿತಾಧಿಕಾರಿಯ ಜೊತೆ ಕೂತು ಕೈಯಾರೆ ಮಾಡುವುದೇ ವಾಸಿ.

ಕೋಲಾರದಿಂದ:
ಅಡಿ ಮತ್ತು ಮೀಟರಿನ ಗೊಂದಲವನ್ನು ನೀವು ಆಗಲೇ ಕಂಡಿರುತ್ತೀರಿ, ಅದನ್ನು ಬಿಡುತ್ತೇನೆ. ನನ್ನನ್ನು ನಿಜವಾಗಿ ದಾರಿ ತಪ್ಪಿಸಿದ್ದು ಬೇರೆ. ಬರದ ವರ್ಷದಲ್ಲಿ ಊರಿನ ಸರಾಸರಿ ಫ್ಲೋರೈಡ್ ಕುಡಿಯುವ ನೀರಿಗಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದ್ದನ್ನು ನೋಡಿ, ಮಳೆ ಕಡಿಮೆಯಾದರೆ ಫ್ಲೋರೈಡ್ ಏರುತ್ತದೆ ಎಂದು ಧೈರ್ಯವಾಗಿ ಬರೆದುಬಿಟ್ಟಿದ್ದೆ. ಆಮೇಲೆ ಒಂದೊಂದೇ ಬಾವಿಯನ್ನು ಹಿಡಿದು ವರ್ಷದಿಂದ ವರ್ಷಕ್ಕೆ ನೋಡಿದಾಗ ಯಾವುದರ ಅಂಕಿಯೂ ಹೆಚ್ಚು ಅಲುಗಿರಲಿಲ್ಲ. ನಡೆದದ್ದಿಷ್ಟೇ: ಕಡಿಮೆ ಆಳದ, ಕಡಿಮೆ ಫ್ಲೋರೈಡಿನ ಬಾವಿಗಳು ಬತ್ತಿ ಪರೀಕ್ಷೆಯ ಪಟ್ಟಿಯಿಂದಲೇ ಬಿದ್ದುಹೋಗಿದ್ದವು, ಉಳಿದ ಆಳದ ಬಾವಿಗಳ ಸರಾಸರಿ ತಾನಾಗಿ ಮೇಲೆ ಬಂದಿತ್ತು. ಬತ್ತಿದ ಬಾವಿಯ ನೀರನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ ಎಂಬುದು ಹೇಳಿದರೆ ನಗು ಬರುವಷ್ಟು ಸರಳ, ಆದರೆ ಹಾಳೆಯ ಮೇಲೆ ಅದು ಕಾಣುವುದಿಲ್ಲ. ಹಾಗಾಗಿ ಆ ಎಣ್ಣೆ ಹತ್ತಿದ ರಿಗ್ ರಸೀದಿಗಳನ್ನು ಕಡೆಗಣಿಸಬೇಡಿ. ನೀರೇ ಬಾರದ ಬಾವಿಗೂ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿರುತ್ತೇವೆ, ನಿಮ್ಮ ಮೂರು ಮೂಲಗಳಲ್ಲಿ ಸೋತ ಬಾವಿಗಳು ಹೆಸರು ಉಳಿಸಿಕೊಂಡಿರುವುದು ಅಲ್ಲಿ ಮಾತ್ರ. ಒಂದು ಎಚ್ಚರಿಕೆ: ರಸೀದಿಯಲ್ಲಿರುವುದು ಕೊರೆದ ಆಳ, ನೀರು ಸಿಕ್ಕ ಆಳವಲ್ಲ.

ಶಿಡ್ಲಘಟ್ಟದಿಂದ:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮಳೆಯ ಅಂಕಿಯ ಬಗ್ಗೆ ಯಾರೂ ಹೇಳಲಿಲ್ಲ. ಹೋಬಳಿಯ ಒಂದೇ ಅಂಕಿಯನ್ನು ಅದರ ಎಲ್ಲ ಹಳ್ಳಿಗಳಿಗೂ ಹಂಚಿದರೆ, ಆ ಹಳ್ಳಿಗಳ ನಡುವಿನ ವ್ಯತ್ಯಾಸಕ್ಕೆ ಮಳೆ ಕಾರಣವೆಂದೋ ಅಲ್ಲವೆಂದೋ ಹೇಳುವ ಹಕ್ಕು ನಿಮಗೆ ಉಳಿಯುವುದಿಲ್ಲ. ಜೊತೆಗೆ 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ನಮ್ಮ ಜಿಲ್ಲೆಗೆ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯದು. ಆ ಕೆರೆಗಳ ಆಸುಪಾಸಿನ ಬಾವಿಯಲ್ಲಿ ಮಳೆಯಿಲ್ಲದೆಯೂ ನೀರು ಮೇಲೆ ಬರಬಹುದು. ಯಾವ ಕೆರೆಗೆ ಯಾವ ತಿಂಗಳು ನೀರು ಬಂತೆಂದು ಕೇಳಿ ಒಂದು ಕಾಲಂ ಹೆಚ್ಚಿಗೆ ಇಡಿ, ಅಂಥ ಬಾವಿಗಳನ್ನು ಮೊದಲ ಸುತ್ತಿನ ಲೆಕ್ಕದಿಂದ ಹೊರಗಿಡಿ.

ಕೇಳಿದವರು ಮತ್ತೆ:
ಒಂದೇ ಊರನ್ನು ಹಿಡಿದು ರಸೀದಿಗಳನ್ನು ಪರೀಕ್ಷೆಯ ಪಟ್ಟಿಯ ಪಕ್ಕ ಇಟ್ಟು ನೋಡಿದೆ. ರಸೀದಿಯಿದ್ದ ಹನ್ನೊಂದು ಬಾವಿಗಳಲ್ಲಿ ಪರೀಕ್ಷೆಯ ಪಟ್ಟಿಯಲ್ಲಿರುವುದು ನಾಲ್ಕು. ಉಳಿದ ಏಳನ್ನು ಹುಡುಕಿಕೊಂಡು ಭಾನುವಾರ ಹೊಲಗಳ ಮೇಲೆ ಹೋಗುತ್ತಿದ್ದೇನೆ.